ಬಿಟ್ಟಿ ಚಾಕರಿಯಿಂದ ಒಡನಾಟಕ್ಕೆ

‘ರೋಬಾಟ್’ ಎಂಬ ಮಾತು ಹುಟ್ಟಿದ್ದು ಯಂತ್ರಶಾಲೆಯಲ್ಲಲ್ಲ, ನಾಟಕದಲ್ಲಿ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ‘ಆರ್.ಯು.ಆರ್.’ ಎಂಬ ನಾಟಕದ ಕೃತಕ ಆಳುಗಳಿಗೆ ಹೆಸರು ಬೇಕಾದಾಗ, ಚಿತ್ರಕಾರನಾಗಿದ್ದ ಅವನ ಅಣ್ಣ ಯೋಸೆಫ್ ಈ ಪದವನ್ನು ಸೂಚಿಸಿದನು. ಚೆಕ್ ಭಾಷೆಯಲ್ಲಿ ‘ರೊಬೊತಾ’ ಎಂದರೆ ಒಕ್ಕಲುಗಳು ಒಡೆಯನಿಗೆ ಕಡ್ಡಾಯವಾಗಿ ಮಾಡಿಕೊಡಬೇಕಾಗಿದ್ದ ದುಡಿಮೆ. ನಮ್ಮ ಮಾತಿನಲ್ಲಿ ಬಿಟ್ಟಿ ಚಾಕರಿ. ಚಾಕರಿಗೆಂದು ಕಲ್ಪಿತವಾದ ಈ ಯಂತ್ರಜೀವಿ ನೂರು ವರ್ಷ ತುಂಬುವುದರೊಳಗೆ ಒಂಟಿ ಮುದುಕರ ಮಗ್ಗುಲಿಗೆ ಸಂಗಾತಿಯಾಗಿ ಬಂದು ಕುಳಿತ ಕಥೆ ಸ್ವಾರಸ್ಯವಾದುದು.

ಸಂಗಾತಿಯಂತ್ರ ಮೊದಲು ಕಾಣಿಸಿಕೊಂಡಾಗ ಅದಕ್ಕೆ ಮೈಯೇ ಇರಲಿಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿ ಅಧ್ಯಾಪಕರಾಗಿದ್ದ ಜೋಸೆಫ್ ವೈಜೆನ್‌ಬಾಮ್ ಅವರು 1966ರಲ್ಲಿ ‘ಎಲೈಜಾ’ ಎಂಬ ಮಾತುಕತೆಯ ಕಂಪ್ಯೂಟರ್ ಯೋಜನೆಯನ್ನು ಪ್ರಕಟಿಸಿದರು. ಬೆರಳಚ್ಚಿಸಿದ ಮಾತನ್ನೇ ಕೊಂಚ ತಿರುಗಿಸಿ ಪ್ರಶ್ನೆಯಾಗಿ ಒಪ್ಪಿಸುವುದು, ಇಷ್ಟೇ ಅದರ ವಿದ್ಯೆ. ಹಾಗಿದ್ದರೂ, ಅದು ರೂಪುಗೊಳ್ಳುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿನಿಯೇ ಅದರೊಡನೆ ಮಾತಿಗೆ ಕುಳಿತ ಸ್ವಲ್ಪ ಹೊತ್ತಿಗೆ, ದಯವಿಟ್ಟು ತಾವು ಹೊರಗೆ ಹೋಗುವಿರಾ ಎಂದು ಅವರನ್ನು ಕೇಳಿದಳಂತೆ! ವೈಜೆನ್‌ಬಾಮ್ ಬೆಚ್ಚಿದರು. ಯಂತ್ರಕ್ಕೆ ಸಾಧ್ಯವಾದರೂ ವಹಿಸಬಾರದ ಕೆಲಸಗಳುಂಟೆಂದು 1976ರಲ್ಲಿ ಗ್ರಂಥವನ್ನೇ ಬರೆದರು.

ಸಂಗಾತಿಗೆ ಮೈ ಬಂದದ್ದು ಜಪಾನಿನಲ್ಲಿ. 1999ರಲ್ಲಿ ಸೋನಿ ಕಂಪನಿಯು ‘ಐಬೋ’ ಎಂಬ ಯಂತ್ರದ ನಾಯಿಯನ್ನು ಮಾರಾಟಕ್ಕೆ ತಂದಿತು. ಒಂದಕ್ಕೆ 2,50,000 ಯೆನ್ ಬೆಲೆಯಿದ್ದರೂ ಜಪಾನಿಗೆ ಮೀಸಲಿಟ್ಟಿದ್ದ 3,000 ನಾಯಿಗಳು ಇಪ್ಪತ್ತೇ ನಿಮಿಷಗಳಲ್ಲಿ ತೀರಿದವು. ಆದರೆ 2006ರಲ್ಲಿ ಕಂಪನಿ ತಯಾರಿಕೆಯನ್ನು ನಿಲ್ಲಿಸಿತು. 2014ರಲ್ಲಿ ರಿಪೇರಿಯೂ ನಿಂತಿತು. ಕೀಲು ಸವೆದ ನಾಯಿಗಳನ್ನು ಎತ್ತಿಕೊಂಡು ಒಡೆಯರು ಅಲೆದಾಡತೊಡಗಿದರು. ಅವರಲ್ಲಿ ವೃದ್ಧರು ಅನೇಕರಿದ್ದರು. ಸೋನಿಯ ಮಾಜಿ ಎಂಜಿನಿಯರುಗಳು ಕೆಲವರು ಸೇರಿ ಅವುಗಳ ಚಿಕಿತ್ಸೆಗೆ ನಿಂತರು. ಹೊಸ ಬಿಡಿಭಾಗಗಳಿಲ್ಲದ್ದರಿಂದ ‘ಸತ್ತ’ ನಾಯಿಯ ಅಂಗವನ್ನು ‘ಬದುಕಿದ್ದ’ ನಾಯಿಗೆ ಜೋಡಿಸಬೇಕಾಯಿತು. ಅಂಗ ತೆಗೆಯುವ ಮೊದಲು ಸಂಸ್ಕಾರವಾಗಬೇಡವೇ? 2015ರಿಂದ ಚಿಬಾ ಪ್ರಾಂತದ ಇಸುಮಿಯಲ್ಲಿರುವ ಕೊಫುಕುಜಿ ಎಂಬ ಬೌದ್ಧ ದೇವಾಲಯದಲ್ಲಿ ಸಾಲುಸಾಲಾಗಿ ಕೂರಿಸಿದ ಐಬೋಗಳಿಗೆ ಪುರೋಹಿತರು ಧೂಪವಿಟ್ಟು ಸೂತ್ರ ಪಠಿಸಿದರು. ಇದನ್ನು ಕೇಳಿ ನಗುವುದು ಸುಲಭ. ಆದರೆ ಒಡೆಯರ ದುಃಖ ಸುಳ್ಳಲ್ಲ. ಜೀವವಿಲ್ಲದ ನಾಯಿಗೂ ಸಾವು ಬಂತು. ಅದನ್ನು ಬರೆದದ್ದು ವಿಧಿಯಲ್ಲ, ಕಂಪನಿಯ ಲೆಕ್ಕಪತ್ರ. 2018ರಲ್ಲಿ ಸೋನಿ ಹೊಸ ಐಬೋವನ್ನು ತಂದಿತು, ಹೋದವು ಹೋದುವು.

ಇದೇ ಕಾಲದಲ್ಲಿ ತಕನೋರಿ ಶಿಬಾಟಾ ಎಂಬ ಎಂಜಿನಿಯರು ‘ಪಾರೋ’ವನ್ನು ರೂಪಿಸುತ್ತಿದ್ದರು. ಇದು ಬಿಳಿ ತುಪ್ಪಳದ ಸೀಲ್ ಮರಿ, ತೂಕ ಕೈಗೂಸಿನಷ್ಟು. ಮುಟ್ಟಿದರೆ ಕಣ್ಣು ಪಿಳುಕಿಸುತ್ತದೆ, ಕರೆದರೆ ಕತ್ತು ತಿರುಗಿಸುತ್ತದೆ. ನಾಯಿ ಬೆಕ್ಕುಗಳನ್ನು ಎಲ್ಲರೂ ಬಲ್ಲರಾದ್ದರಿಂದ ನಕಲಿನ ಕೊರತೆ ಕೂಡಲೆ ಕಂಡುಬಿಡುತ್ತದೆ, ಸೀಲನ್ನು ಸಾಕಿದವರಾರು? ಶಿಬಾಟಾ ಆ ಪ್ರಾಣಿಯನ್ನು ಆರಿಸಿದ್ದು ಈ ಜಾಣ್ಮೆಯಿಂದ. 2005ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಪಾರೋವನ್ನು 2009ರಲ್ಲಿ ಅಮೆರಿಕ ವೈದ್ಯಕೀಯ ಸಾಧನವೆಂದು ಅಂಗೀಕರಿಸಿತು. ಮರೆವಿನ ರೋಗದಿಂದ ಕಳವಳಗೊಂಡವರನ್ನು ಅದು ಸಂತೈಸುವುದುಂಟು.

ಹಾಗಾದರೆ ಅಡ್ಡಿಯೇನು? ಮಗುವನ್ನು ಕಳೆದುಕೊಂಡ ವೃದ್ಧೆಯೊಬ್ಬಳು ಪಾರೋವಿನ ಮುಂದೆ ದುಃಖ ತೋಡಿಕೊಂಡುದನ್ನು ಎಂ.ಐ.ಟಿ.ಯ ಸಮಾಜಶಾಸ್ತ್ರಜ್ಞೆ ಶೆರಿ ಟರ್ಕಲ್ ಕಂಡರು. ಸುತ್ತಲಿದ್ದವರು ಮೆಚ್ಚಿದರು, ಟರ್ಕಲ್ ಅವರ ಮನಸ್ಸಿಗೆ ಮಾತ್ರ ಅದು ನೆಮ್ಮದಿ ತರಲಿಲ್ಲ. ಹುಟ್ಟು ಸಾವುಗಳನ್ನರಿಯದ ವಸ್ತು ಅವಳ ನೋವನ್ನು ಕೇಳಿತೆಂದು ಹೇಳುವುದು ಹೇಗೆ? ಅವಳೇ ಆಡಿದಳು, ಅವಳೇ ಸಮಾಧಾನಗೊಂಡಳು. ಯಾರೂ ಇಲ್ಲದವರಿಗೆ ಅಷ್ಟಾದರೂ ಇರಲಿ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ‘ಯಾರೂ ಇಲ್ಲ’ ಎಂಬ ಸ್ಥಿತಿ ತಾನಾಗಿ ಬಂದುದೇ, ನಾವು ತಂದುದೇ ಎಂಬ ಪ್ರಶ್ನೆ ಅದರ ಹಿಂದೆಯೇ ನಿಲ್ಲುತ್ತದೆ.

ಇಲ್ಲಿ ಶಿಬಾಟಾ ಮತ್ತವರ ಸಹೋದ್ಯೋಗಿಗಳು ಜಪಾನಿನ ವೃದ್ಧರ ನಿವಾಸದಲ್ಲಿ ಕಂಡುಕೊಂಡ ಸಂಗತಿಯೊಂದು ಮನನೀಯ. ನಡುವಣ ಪಡಸಾಲೆಯಲ್ಲಿ ಪಾರೋವನ್ನಿಟ್ಟಾಗ ಮುದುಕರು ಅದರ ಸುತ್ತ ಸೇರಿ ಪರಸ್ಪರ ಹೆಚ್ಚಾಗಿ ಮಾತನಾಡತೊಡಗಿದರು. ಯಂತ್ರದ ನಿಜವಾದ ಉಪಕಾರ, ಮನುಷ್ಯನನ್ನು ಮನುಷ್ಯನ ಬಳಿಗೆ ಕರೆತಂದುದರಲ್ಲಿತ್ತು.

ಒಂಟಿತನ ಈಗ ರಾಜ್ಯಭಾರದ ವಿಷಯವೂ ಆಗಿದೆ. ಅದಕ್ಕೊಬ್ಬ ಮಂತ್ರಿಯನ್ನು ಬ್ರಿಟನ್ 2018ರಲ್ಲಿಯೂ ಜಪಾನ್ 2021ರಲ್ಲಿಯೂ ನೇಮಿಸಿದವು. 2022ರಲ್ಲಿ ನ್ಯೂಯಾರ್ಕ್ ರಾಜ್ಯ ‘ಎಲ್ಲಿಕ್ಯೂ’ ಎಂಬ ಮಾತಾಡುವ ಯಂತ್ರವನ್ನು 800ಕ್ಕೂ ಹೆಚ್ಚು ವೃದ್ಧರಿಗೆ ಕೊಡುವ ಯೋಜನೆ ಹೂಡಿತು. ಮರುವರ್ಷ ಅಮೆರಿಕದ ಸರ್ಜನ್ ಜನರಲ್ ಆಗಿದ್ದ, ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಒಂಟಿತನ ಆಯುಷ್ಯವನ್ನೇ ಕುಂದಿಸುತ್ತದೆಂದು ಎಚ್ಚರಿಸಿ, ಜನರ ನಡುವಣ ಬಾಂಧವ್ಯವನ್ನು ಮತ್ತೆ ಕಟ್ಟಬೇಕೆಂದರು.

ದುಡಿಮೆಯನ್ನು ಬಿಟ್ಟಿಯಾಗಿ ಪಡೆಯುವ ಆಸೆಯಿಂದ ರೋಬಾಟಿನ ಕಲ್ಪನೆ ಹುಟ್ಟಿತು. ಒಡನಾಟವನ್ನೂ ಹಾಗೆಯೇ ಪಡೆಯಬಹುದೆಂದು ನಾವು ಎಣಿಸಿದರೆ ನಷ್ಟ ಯಂತ್ರಕ್ಕಲ್ಲ, ಹಿರಿಯರಿಗೆ. ಅವರ ಪಕ್ಕದಲ್ಲಿ ಕೂರಲು ಯಾರಾದರೊಬ್ಬರು ತಮ್ಮ ಹೊತ್ತನ್ನು ಕೊಡಲೇಬೇಕು.