ಸೋನಾಮುಖಿ ಮತ್ತು ದೊಡ್ಡ ಕರುಳಿನ ಚಲನೆ

ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ಹೆಸರಿನಲ್ಲೇ ಹೊರದೇಶಗಳಿಗೆ ಹೋಗುವ ಸೋನಾಮುಖಿ ಸೊಪ್ಪು ಭೇದಿ ಮಾಡಿಸುತ್ತದೆ ಎಂಬುದನ್ನು ಮಧ್ಯಯುಗದ ಅರಬ್ ವೈದ್ಯರೂ ಬಲ್ಲವರಾಗಿದ್ದರು. ಹೇಗೆ ಎಂಬುದು ಬಗೆಹರಿದದ್ದು ಮಾತ್ರ 20ನೇ ಶತಮಾನದಲ್ಲಿ. ಅಲ್ಲಿಯವರೆಗೆ ಹರಳೆಣ್ಣೆಯ ಜೊತೆಗೆ ಇದನ್ನೂ ಕರುಳನ್ನು ಕೆರಳಿಸಿ ಹೊಟ್ಟೆ ತೊಳೆಯುವ ಮದ್ದೆಂದೇ ಎಣಿಸಲಾಗಿತ್ತು. ಈ ಎಣಿಕೆ ಅರ್ಧ ಸತ್ಯ. 1909ರಲ್ಲಿ ವಿಯೆನ್ನಾದ ಎಕ್ಸ್-ರೇ ತಜ್ಞ ಹೋಲ್ಟ್ಸ್‌ಕ್ನೆಕ್ಟ್ ಎಕ್ಸ್-ರೇಯಲ್ಲಿ ಕಂಡದ್ದೇ ಬೇರೆ: ಬಹುಹೊತ್ತು ಸುಮ್ಮನಿರುವಂತೆ ತೋರುವ ದೊಡ್ಡ ಕರುಳು ಆಗೊಮ್ಮೆ ಈಗೊಮ್ಮೆ ಒಳಗಿನದನ್ನು ಒಂದೇ ಸಲಕ್ಕೆ ಬಹುದೂರ ಮುಂದೂಡುತ್ತದೆ. ಆರೋಗ್ಯವಂತರಲ್ಲಿ ಇಂಥ ಪ್ರಬಲ ಸಂಕೋಚನಗಳು ದಿನಕ್ಕೆ ಬೆರಳೆಣಿಕೆಯಷ್ಟು, ಅವೂ ಹೆಚ್ಚಾಗಿ ನಿದ್ದೆಯಿಂದ ಎದ್ದಾಗ, ಊಟವಾದ ಮೇಲೆ. ಸೋನಾಮುಖಿಯಂಥ ಪ್ರಚೋದಕ ವಿರೇಚಕ, ಅಂದರೆ ಕರುಳನ್ನು ಚಲಿಸುವಂತೆ ಮಾಡಿ ಭೇದಿ ಮಾಡಿಸುವ ಮದ್ದು, ಎಬ್ಬಿಸುವುದು ಈ ಸಹಜ ಚಲನೆಯನ್ನೇ.

ಇದಕ್ಕೆ ಆಧಾರ ಒದಗಿದ್ದು ರಸಾಯನಶಾಸ್ತ್ರದಿಂದ. 1940ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಆರ್ಥರ್ ಸ್ಟೋಲ್ ಸೋನಾಮುಖಿಯಿಂದ ಸೆನ್ನೋಸೈಡ್‌ಗಳೆಂಬ ವಿರೇಚಕ ಸಂಯುಕ್ತಗಳನ್ನು ಬೇರ್ಪಡಿಸಿದರು. ಇವು ಸಣ್ಣ ಕರುಳನ್ನು ಹೆಚ್ಚುಕಡಿಮೆ ಹಾಗೆಯೇ ದಾಟುತ್ತವೆ. 1970ರಲ್ಲಿ ಪ್ರಕಟವಾದ ಹಾರ್ಡ್‌ಕ್ಯಾಸಲ್ ಮತ್ತು ವಿಲ್ಕಿನ್ಸ್ ಅವರ ಪ್ರಯೋಗದಲ್ಲಿ, ಬರೀ ಸೆನ್ನೋಸೈಡನ್ನು ಮನುಷ್ಯರ ದೊಡ್ಡ ಕರುಳಿಗೆ ನೇರವಾಗಿ ಹಾಕಿದಾಗ ಕರುಳು ಮಿಸುಕಲಿಲ್ಲ. ಮಲದೊಡನೆ ಬೆರೆಸಿಟ್ಟು ಹಾಕಿದಾಗ ಚಲನೆ ಶುರುವಾಯಿತು. ಮದ್ದನ್ನು ಚುರುಕುಗೊಳಿಸುವವು ಕರುಳಿನ ಬ್ಯಾಕ್ಟೀರಿಯಾಗಳು. ರಾತ್ರಿ ನುಂಗಿದ ಮಾತ್ರೆ ಬೆಳಿಗ್ಗೆ ಕೆಲಸ ಮಾಡುವುದು, ಅವು ಇರುವ ದೊಡ್ಡ ಕರುಳನ್ನು ತಲುಪಲು ಹೊತ್ತು ಹಿಡಿಯುವುದರಿಂದಲೇ.

ಈ ಮದ್ದುಗಳು ಕರುಳು ನೀರು ಹೀರುವುದನ್ನು ತಗ್ಗಿಸುತ್ತವಲ್ಲ, ಮಲ ತೆಳುವಾಗಿ ತಾನಾಗಿ ಜಾರುತ್ತದೆ ಎನ್ನಬಾರದೇಕೆ? ನೀರಿನ ಪಾಲು ಇದೆ, ನಿಜ. ಆದರೆ 1950ರ ದಶಕದಲ್ಲಿ ಬಳಕೆಗೆ ಬಂದ, ಇದೇ ಬಗೆಯ ಬಿಸಾಕೋಡಿಲ್ ಎಂಬ ಮದ್ದನ್ನು ಕರುಳಿಗೆ ಹಾಕಿ ಒಳಗಿನ ಒತ್ತಡ ಅಳೆದರೆ ಕೆಲವೇ ನಿಮಿಷಗಳಲ್ಲಿ ಪ್ರಬಲ ಸಂಕೋಚನಗಳು ಕಾಣುತ್ತವೆ. ತೀರಾ ಕಾಣದಿದ್ದರೆ ನರ ಅಥವಾ ಸ್ನಾಯುವಿನ ರೋಗವಿರಬಹುದೆಂದು ವೈದ್ಯರು ಶಂಕಿಸುತ್ತಾರೆ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ರೂಢಿಯಾದರೆ ಕರುಳು ಸೋಮಾರಿಯಾಗುತ್ತದೆಂಬ ಭಯ. 1943ರಲ್ಲಿ ಎಕ್ಸ್-ರೇ ವರದಿಯೊಂದು, 1968ರಲ್ಲಿ ಬಾರ್ಬರಾ ಸ್ಮಿತ್ ನಡೆಸಿದ ಕರುಳಿನ ನರಜಾಲದ ಅಧ್ಯಯನ ಇದಕ್ಕೆ ಬಲ ಕೊಟ್ಟವು. ಆದರೆ ದೀರ್ಘಕಾಲದ ಮಲಬದ್ಧತೆಯಿದ್ದವರಲ್ಲಿ ನರಗಳು ಕೆಟ್ಟದ್ದು ಮದ್ದಿನಿಂದಲೋ, ಮೊದಲೇ ಕೆಟ್ಟಿದ್ದರಿಂದ ಮದ್ದು ಬೇಕಾಯಿತೋ ಎಂಬುದನ್ನು ಅಂಥ ಅಧ್ಯಯನಗಳು ಬಿಡಿಸಲಾರವು. ಸೋನಾಮುಖಿಯಿಂದ ಕರುಳಿನ ಒಳಪದರ ಕಪ್ಪಾಗುವುದುಂಟು. ಮದ್ದು ಬಿಟ್ಟ ಕೆಲವು ತಿಂಗಳಲ್ಲಿ ಅದು ಮಾಯುತ್ತದೆ. ಹಾಗೆಂದು ಭಯವೆಲ್ಲ ಸುಳ್ಳೆನ್ನಲಾಗದು. ಬಿಸಾಕೋಡಿಲ್‌ನ ಒಳ್ಳೆಯ ಪ್ರಯೋಗಗಳು ನಾಲ್ಕು ವಾರದಷ್ಟೇ ಉದ್ದದವು. ಮಿತಿಮೀರಿ ಬಳಸಿದರೆ ರಕ್ತದ ಪೊಟ್ಯಾಸಿಯಂ ಕುಸಿಯುತ್ತದೆ. ಕರುಳು ಕಟ್ಟಿಕೊಂಡವರಿಗಂತೂ ಇವನ್ನು ಕೊಡಲೇಬಾರದು.