ಲ್ಯಾಪ್‌ಟಾಪ್ ಚಾಲೂ ಆದರೂ ಪರದೆ ಕಪ್ಪಾಗಿದ್ದರೆ ಏನು ಮಾಡಬೇಕು?



ಹೋದ ಸಲ ರಾಜ್ಯೋತ್ಸವಕ್ಕೆ ಐದೇ ದಿನ ಇರುವಾಗ ಸಂಘದ ಲ್ಯಾಪ್‌ಟಾಪ್ ಕೈಕೊಟ್ಟಿತು. ಬಟನ್ ಒತ್ತಿದರೆ ದೀಪ ಹತ್ತುತ್ತಿತ್ತು, ಫ್ಯಾನಿನ ಸಪ್ಪಳವೂ ಇತ್ತು, ಪರದೆಯ ಮೇಲೆ ಮಾತ್ರ ಏನೂ ಇಲ್ಲ. ಅಕ್ಕಲಕೋಟೆ ತಾಲೂಕಿನ ಕನ್ನಡ ಮಾಧ್ಯಮ ಶಾಲೆಗಳಿಂದ ತರಿಸಿದ, ಸನ್ಮಾನಕ್ಕೆ ಆಯ್ಕೆಯಾದ ಹತ್ತನೇ ತರಗತಿ ಮಕ್ಕಳ ಯಾದಿ ಅದರಲ್ಲಿತ್ತು. ಬೇರೆ ಪ್ರತಿ ಇರಲಿಲ್ಲ. ಕಾರ್ಬನ್ ಪ್ರತಿ ಇಲ್ಲದೆ ಒಂದು ಪತ್ರವನ್ನೂ ಟಪಾಲಿಗೆ ಹಾಕದ ಗುಮಾಸ್ತ ನಾನು. ಇಲ್ಲಿ ಮರೆತದ್ದು ನನ್ನದೇ ತಪ್ಪು. ಆಗ ಕಲಿತದ್ದನ್ನು ಬರೆದಿಡುತ್ತಿದ್ದೇನೆ.

ಯಂತ್ರ ಕೆಟ್ಟಿದೆಯೋ ಪರದೆ ಮಾತ್ರವೋ ಎಂದು ಮೊದಲು ತಿಳಿಯಬೇಕು. ಕ್ಯಾಪ್ಸ್ ಲಾಕ್ ಕೀ ಒತ್ತಿರಿ. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಒಳಗೆ ಕೆಲಸ ಮಾಡುತ್ತಿದೆ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಅಕ್ಷರ ಕಂಡರೆ ಹಿಂಬದಿಯ ಬೆಳಕು ಹೋಗಿದೆ. ಮುಚ್ಚಳ ಅಲುಗಿಸಿದಾಗ ಚಿತ್ರ ಬಂದು ಹೋದರೆ ಕೀಲಿನೊಳಗಿನ ಕೇಬಲ್ ಸವೆದಿರಬಹುದು. ಎಚ್‌ಡಿಎಂಐ ಕೇಬಲ್‌ನಿಂದ ಮನೆಯ ಟಿವಿಗೆ ಜೋಡಿಸಿ, ವಿಂಡೋಸ್ ಕೀ ಜೊತೆ ಪಿ ಒತ್ತಿ ನೋಡಿ. ಟಿವಿಯಲ್ಲಿ ಚಿತ್ರ ಬಂದರೆ ಮೊದಲು ಕಡತಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ, ದುರಸ್ತಿ ಆಮೇಲೆ.

ಕ್ಯಾಪ್ಸ್ ಲಾಕ್ ದೀಪ ಸ್ಪಂದಿಸದಿದ್ದರೆ ಚಾರ್ಜರ್, ಮೌಸ್, ಪ್ರಿಂಟರ್ ಎಲ್ಲ ಕಳಚಿ. ಬ್ಯಾಟರಿ ತೆಗೆಯಲು ಬರುವಂತಿದ್ದರೆ ಅದನ್ನೂ ತೆಗೆದು, ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ನಂತರ ಚಾರ್ಜರ್ ಒಂದನ್ನೇ ಹಾಕಿ ಚಾಲೂ ಮಾಡಿ. ಕರೆಂಟು ಹೋಗಿ ಬಂದು ಮಾಡಿದ ಮೇಲೆ ಕೆಟ್ಟದ್ದು ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಬೀಪ್ ಸದ್ದು ಬಂದರೆ, ದೀಪ ಮಿನುಗಿದರೆ ಎಷ್ಟು ಸಲ ಎಂದು ಎಣಿಸಿ ಬರೆದುಕೊಳ್ಳಿ. ಒಂದೊಂದು ಕಂಪನಿಯ ಲೆಕ್ಕ ಒಂದೊಂದು ಥರ. ದುರಸ್ತಿಯವರಿಗೆ ಅದೇ ಸುಳಿವು.

ನಮ್ಮ ಯಂತ್ರ ಇದಕ್ಕೂ ಜಗ್ಗಲಿಲ್ಲ. ಸೋಲಾಪುರದ ಒಂದು ಅಂಗಡಿಯಲ್ಲಿ, ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಂಡು ಇದನ್ನು ಇಲ್ಲೇ ಬಿಡಿ ಅಂದರು. ಯಾದಿ ಒಳಗಿರುವಾಗ ಬಿಡುವುದು ಹೇಗೆ? ಹಾರ್ಡ್‌ಡಿಸ್ಕ್ ಬಿಚ್ಚಿಸಿ, ಯುಎಸ್‌ಬಿ ಕೇಸಿಗೆ ಹಾಕಿಸಿ, ಅವರದೇ ಕಂಪ್ಯೂಟರ್‌ನಲ್ಲಿ ತೆರೆಸಿದೆ. ಕಡತ ಬಂತು, ಅಕ್ಷರವೆಲ್ಲ ಚಿತ್ರವಿಚಿತ್ರ ಇಂಗ್ಲಿಷ್! ಫೈಲ್ ಕೆಟ್ಟಿದೆ, ಅಳಿಸಲೇ ಎಂದು ಹುಡುಗ ಮರಾಠಿಯಲ್ಲಿ ಕೇಳಿದ. ತಡೆದೆ. ಹಳೆಯ ನುಡಿ ಅಕ್ಷರದಲ್ಲಿ ಟೈಪಿಸಿದ ಕಡತ ನುಡಿ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹಾಗೇ ಕಾಣುತ್ತದೆ. ಮನೆಗೆ ತಂದು ಮಗನ ಕಂಪ್ಯೂಟರ್‌ಗೆ ಫಾಂಟ್ ಹಾಕಿದೊಡನೆ ಮಕ್ಕಳ ಹೆಸರು ಒಂದೂ ಬಿಡದೆ ಕಂಡವು. ಹೊಸ ಲ್ಯಾಪ್‌ಟಾಪ್‌ಗಳ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇರಬಹುದು. ಅದಕ್ಕೆ 48 ಅಂಕಿಯ ಕೀಲಿ ಬೇಕು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ, ಈಗಲೇ ನೋಡಿ ಬರೆದಿಟ್ಟುಕೊಳ್ಳಿ.

ಹಬ್ಬ ಮುಗಿದ ಮೇಲೆ ನಮ್ಮ ಸದಸ್ಯರೊಬ್ಬರ ಮಗ ಆ ಲ್ಯಾಪ್‌ಟಾಪ್ ಬಿಚ್ಚಿ ರ್‍ಯಾಮ್ ಪಟ್ಟಿ ತೆಗೆದ, ಅದರ ಬಂಗಾರ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಒರೆಸಿ ಮತ್ತೆ ಕೂರಿಸಿದ. ಪರದೆ ಬಂತು. ಖರ್ಚು ಒಂದು ಚಹಾ. ಈ ಸೂಚನಾಪತ್ರವನ್ನು ಅದರಲ್ಲೇ ಟೈಪಿಸಿದ್ದೇನೆ. ಯಾದಿಯ ಪ್ರತಿ ಈಗ ಖಜಾಂಚಿಯವರ ಪೆನ್‌ಡ್ರೈವ್‌ನಲ್ಲೂ ಇದೆ.

– ಕಾರ್ಯದರ್ಶಿ