ವಿಶ್ವವಿದ್ಯಾಲಯದ ಆವರಣದಲ್ಲಿ ಸೈಕಲ್ ಹಾಗೂ ವಿದ್ಯುತ್ ಚಾಲಿತ ವಾಹನಗಳ ನಿಲುಗಡೆ: ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರದ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ವಿಜಯಪುರ ನಗರದ ಪಶ್ಚಿಮಕ್ಕೆ ತೊರವಿಯಲ್ಲಿರುವ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವು 2003ರಲ್ಲಿ ಸ್ಥಾಪನೆಗೊಂಡು, 2017ರಲ್ಲಿ ಈಗಿನ ಹೆಸರನ್ನು ಪಡೆದಿರುತ್ತದೆ. ನಗರದ ಸೊಲ್ಲಾಪುರ ರಸ್ತೆಯಲ್ಲಿ ಬಿ.ಎಲ್.ಡಿ.ಇ. ಡೀಮ್ಡ್ ವಿಶ್ವವಿದ್ಯಾಲಯವಿದೆ. ನಗರದ ಬಡಾವಣೆಗಳಿಂದಲೂ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಗ್ರಾಮಗಳಿಂದಲೂ ವಿದ್ಯಾರ್ಥಿಗಳು, ಬೋಧಕ ಹಾಗೂ ಬೋಧಕೇತರ ಸಿಬ್ಬಂದಿಯವರು, ಪ್ರವೇಶ, ಪರೀಕ್ಷೆ, ಪ್ರಮಾಣಪತ್ರ ಮುಂತಾದ ಕೆಲಸಗಳಿಗಾಗಿ ಪೋಷಕರು ಇಂತಹ ಆವರಣಗಳಿಗೆ ಬರುತ್ತಾರೆ. ಹೀಗೆ ಬರುವವರು ಸೈಕಲ್ ಅಥವಾ ಬ್ಯಾಟರಿ ಸ್ಕೂಟರ್ ತಂದಾಗ ಅನ್ವಯವಾಗುವ ನಿಯಮಗಳನ್ನು ಒಂದೆಡೆ ತಿಳಿಸುವುದು ಈ ಪುಟದ ಉದ್ದೇಶವಾಗಿದೆ.

ಆವರಣದೊಳಗೆ ಎಲ್ಲಿ ವಾಹನ ನಿಲ್ಲಿಸಬೇಕು, ಯಾವ ದ್ವಾರದಿಂದ ಬರಬೇಕು, ಪಾಸ್ ಬೇಕೆ ಎಂಬುದನ್ನು ಆಯಾ ವಿಶ್ವವಿದ್ಯಾಲಯವೇ ನಿರ್ಧರಿಸುತ್ತದೆ. ಆದರೆ ವಾಹನದ ನೋಂದಣಿ, ಚಾಲನಾ ಪರವಾನಗಿ, ವಿಮೆ, ವಿದ್ಯುತ್ ಸುರಕ್ಷತೆ ಮತ್ತು ಕಳವಿನ ಹೊಣೆಯು ದೇಶದ ಕಾನೂನಿನಿಂದ ನಿರ್ಧಾರವಾಗುತ್ತವೆ. ಆದ್ದರಿಂದ ನಿಲುಗಡೆ ಪಾಸಿಗೆ ಅರ್ಜಿ ಸಲ್ಲಿಸುವ ಮುನ್ನ ತಮ್ಮ ವಾಹನವು ಯಾವ ವರ್ಗಕ್ಕೆ ಸೇರಿದೆ ಎಂಬುದನ್ನು ಅರ್ಜಿದಾರರು ಖಚಿತಪಡಿಸಿಕೊಳ್ಳುವುದು ಅವಶ್ಯಕ.

2. ವಾಹನದ ವರ್ಗಗಳು

ಅ) ಸಾಮಾನ್ಯ ಸೈಕಲ್: ಇದು ಮೋಟಾರು ವಾಹನವಲ್ಲ. ನೋಂದಣಿ, ಚಾಲನಾ ಪರವಾನಗಿ ಮತ್ತು ವಿಮೆಯ ಅಗತ್ಯವಿರುವುದಿಲ್ಲ.

ಆ) ಕಡಿಮೆ ವೇಗದ ಬ್ಯಾಟರಿ ವಾಹನ ಮತ್ತು ಪೆಡಲ್ ಸಹಿತ ಬ್ಯಾಟರಿ ಸೈಕಲ್: ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 2(ಯು) ಮೇರೆಗೆ, ಮೋಟಾರಿನ ಶಕ್ತಿ 0.25 ಕಿಲೋವ್ಯಾಟ್‌ಗಿಂತ ಕಡಿಮೆ ಇರುವುದು ಮತ್ತು ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರುವುದು ಇಲ್ಲಿನ ಮುಖ್ಯ ಷರತ್ತುಗಳು. ಇವುಗಳನ್ನು ಅಧಿಕೃತ ಪರೀಕ್ಷಾ ಸಂಸ್ಥೆಯು ಪರಿಶೀಲಿಸಿ ದೃಢೀಕರಿಸಿದಲ್ಲಿ ಮಾತ್ರ ಅಂತಹ ವಾಹನವನ್ನು ಮೋಟಾರು ವಾಹನವೆಂದು ಪರಿಗಣಿಸಲಾಗುವುದಿಲ್ಲ.

ಇ) ನೋಂದಣಿಯಾಗಬೇಕಾದ ವಿದ್ಯುತ್ ಚಾಲಿತ ವಾಹನ: ಮೇಲಿನ ಮಿತಿಯನ್ನು ಮೀರಿದ ಎಲ್ಲ ಬ್ಯಾಟರಿ ಸ್ಕೂಟರ್, ಬೈಕ್ ಮತ್ತು ಕಾರುಗಳು ಈ ವರ್ಗಕ್ಕೆ ಸೇರುತ್ತವೆ. ಇವುಗಳಿಗೆ ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ನೋಂದಣಿ, ಚಾಲಕರಿಗೆ ಪರವಾನಗಿ ಮತ್ತು ಮೂರನೆಯ ವ್ಯಕ್ತಿಯ ಹಾನಿಗೆ ವಿಮೆ ಕಡ್ಡಾಯ. ದ್ವಿಚಕ್ರ ವಾಹನ ಸವಾರರಿಗೆ ಹೆಲ್ಮೆಟ್ ಕಡ್ಡಾಯ. ನೋಂದಣಿ ಫಲಕವು ಹಸಿರು ಬಣ್ಣದ್ದಾಗಿರಬೇಕು; ಖಾಸಗಿ ವಾಹನಕ್ಕೆ ಬಿಳಿ ಅಕ್ಷರ, ಬಾಡಿಗೆ ವಾಹನಕ್ಕೆ ಹಳದಿ ಅಕ್ಷರ ಎಂದು 2018ರಲ್ಲಿ ಅಧಿಸೂಚಿಸಲಾಗಿದೆ. ವಿಜಯಪುರ ಸಾರಿಗೆ ಕಚೇರಿಯ ನೋಂದಣಿ ಸಂಕೇತ ಕೆಎ-28 ಆಗಿರುತ್ತದೆ. ಬ್ಯಾಟರಿ ವಾಹನಗಳಿಗೆ ನೋಂದಣಿ ಪ್ರಮಾಣಪತ್ರದ ಶುಲ್ಕದಿಂದ 2021ರ ಆಗಸ್ಟ್ ತಿಂಗಳ ಕೇಂದ್ರ ಅಧಿಸೂಚನೆಯಂತೆ ವಿನಾಯಿತಿ ನೀಡಲಾಗಿದೆ. ಶುಲ್ಕ ವಿನಾಯಿತಿ ಇದ್ದ ಮಾತ್ರಕ್ಕೆ ನೋಂದಣಿಯಿಂದಲೇ ವಿನಾಯಿತಿ ದೊರೆಯುವುದಿಲ್ಲ ಎಂಬುದನ್ನು ಗಮನಿಸುವುದು. ಹೊಗೆ ತಪಾಸಣಾ ಪ್ರಮಾಣಪತ್ರವು ಬ್ಯಾಟರಿ ವಾಹನಗಳಿಗೆ ಬೇಕಾಗಿಲ್ಲ.

3. ಖರೀದಿದಾರರಿಗೆ ವಿಶೇಷ ಸೂಚನೆ

"ಈ ಗಾಡಿಗೆ ಲೈಸೆನ್ಸ್ ಬೇಡ, ನಂಬರ್ ಬೇಡ" ಎಂಬ ಮಾತನ್ನು ನಂಬಿ ಸ್ಕೂಟರ್ ಖರೀದಿಸಿದ ಬಳಿಕ, ಅದರ ವೇಗ 25 ಕಿ.ಮೀ. ಮಿತಿಯನ್ನು ಮೀರುವುದು ಕಂಡುಬಂದರೆ ಹೊಣೆಯು ಮಾಲೀಕರ ಮೇಲೆಯೇ ಬರುತ್ತದೆ. ಖರೀದಿಯ ಸಮಯದಲ್ಲಿ ಪರೀಕ್ಷಾ ಸಂಸ್ಥೆಯ ಮಾದರಿ ಅನುಮೋದನೆ ಪತ್ರದ ಪ್ರತಿಯನ್ನು ಕೇಳಿ ಪಡೆಯತಕ್ಕದ್ದು. ವೇಗ ನಿಯಂತ್ರಣವನ್ನು ತೆಗೆಸಿದ ಅಥವಾ ಹೆಚ್ಚು ಶಕ್ತಿಯ ಮೋಟಾರು ಹಾಕಿಸಿದ ವಾಹನವು (ಆ) ವರ್ಗದಲ್ಲಿ ಉಳಿಯುವುದಿಲ್ಲ. ನೋಂದಣಿಯಿಲ್ಲದ ಮೋಟಾರು ವಾಹನ ಚಲಾಯಿಸಿದಲ್ಲಿ ಕಾಯ್ದೆಯ ಕಲಂ 192ರ ಅಡಿಯಲ್ಲಿ ಮೊದಲ ಅಪರಾಧಕ್ಕೆ ರೂ. 5,000ದವರೆಗೆ ದಂಡ ವಿಧಿಸಬಹುದು. ಇದಕ್ಕಿಂತ ಗಂಭೀರವಾದುದೆಂದರೆ, ವಿಮೆಯಿಲ್ಲದ ವಾಹನದಿಂದ ಅಪಘಾತವಾದಾಗ ಗಾಯಾಳುವಿಗೆ ಕೊಡಬೇಕಾದ ಪರಿಹಾರದ ಪೂರ್ಣ ಭಾರ ಮಾಲೀಕರ ಕುಟುಂಬದ ಮೇಲೆ ಬೀಳುತ್ತದೆ.

ಪದವಿಯ ಮೊದಲ ವರ್ಷದಲ್ಲಿ 18 ವರ್ಷ ತುಂಬದ ವಿದ್ಯಾರ್ಥಿಗಳೂ ಇರುತ್ತಾರೆ. ಅಪ್ರಾಪ್ತ ವಯಸ್ಕರು ಮೋಟಾರು ವಾಹನ ಕಾಯ್ದೆಯಡಿ ಅಪರಾಧ ಎಸಗಿದಲ್ಲಿ, 2019ರಲ್ಲಿ ಸೇರಿಸಲಾದ ಕಲಂ 199ಎ ಪ್ರಕಾರ ಪೋಷಕರು ಅಥವಾ ವಾಹನದ ಮಾಲೀಕರನ್ನೇ ತಪ್ಪಿತಸ್ಥರೆಂದು ಭಾವಿಸಲಾಗುವುದು. 3 ವರ್ಷಗಳವರೆಗೆ ಕಾರಾವಾಸ ಮತ್ತು ರೂ. 25,000 ದಂಡಕ್ಕೆ ಅವಕಾಶವಿದೆ. ತಂದೆ ತಾಯಿಯವರು ತಮ್ಮ ಹೆಸರಿನ ವಾಹನವನ್ನು ಮಕ್ಕಳ ಕೈಗೆ ಕೊಡುವ ಮುನ್ನ ಇದನ್ನು ಅರಿತಿರಬೇಕು.

4. ಆವರಣದ ಒಳಗೆ ಮತ್ತು ಹೊರಗೆ ನಿಲುಗಡೆ

ಆವರಣದೊಳಗೆ ಗುರುತಿಸಿದ ಸ್ಥಳದಲ್ಲಿಯೇ ವಾಹನ ನಿಲ್ಲಿಸತಕ್ಕದ್ದು. ನ್ಯಾಕ್ ಸಂಸ್ಥೆಯು ತನ್ನ ಮೌಲ್ಯಾಂಕನದ ಏಳನೆಯ ಮಾನದಂಡದಲ್ಲಿ ಹಸಿರು ಆವರಣದ ಕ್ರಮಗಳೆಂದು ಮೋಟಾರು ವಾಹನಗಳ ಪ್ರವೇಶಕ್ಕೆ ಮಿತಿ, ಸೈಕಲ್ ಮತ್ತು ಬ್ಯಾಟರಿ ವಾಹನಗಳ ಬಳಕೆ ಹಾಗೂ ಪಾದಚಾರಿಗಳಿಗೆ ಅನುಕೂಲವಾದ ದಾರಿಗಳನ್ನು ಸೇರಿಸಿತ್ತು. ಈ ಕಾರಣದಿಂದ ಹಲವು ಸಂಸ್ಥೆಗಳು ಪೆಟ್ರೋಲ್ ವಾಹನಗಳನ್ನು ದ್ವಾರದ ಬಳಿಯೇ ನಿಲ್ಲಿಸಿ, ಸೈಕಲ್‌ಗಳಿಗೆ ಕಟ್ಟಡದ ಹತ್ತಿರದವರೆಗೆ ಅವಕಾಶ ನೀಡುತ್ತವೆ. ಬ್ಯಾಟರಿ ವಾಹನಕ್ಕೂ ಇದೇ ಅವಕಾಶ ಇದೆಯೇ ಎಂಬುದನ್ನು ಆಯಾ ಕುಲಸಚಿವರ ಕಚೇರಿಯಲ್ಲಿ ವಿಚಾರಿಸಿ ತಿಳಿಯುವುದು.

ದ್ವಾರದ ಹೊರಗಿನ ರಸ್ತೆಗೆ ಮೋಟಾರು ವಾಹನ (ಚಾಲನೆ) ವಿನಿಯಮಗಳು, 2017 ಅನ್ವಯವಾಗುತ್ತವೆ. ಪಾದಚಾರಿ ಮಾರ್ಗ, ಸೈಕಲ್ ಪಥ, ರಸ್ತೆ ದಾಟುವ ಪಟ್ಟೆ, ಬಸ್ ನಿಲುಗಡೆ ಸ್ಥಳ ಮತ್ತು ಕಟ್ಟಡಗಳ ಪ್ರವೇಶದ್ವಾರದ ಮುಂದೆ ಮೋಟಾರು ವಾಹನ ನಿಲ್ಲಿಸುವಂತಿಲ್ಲ. ಹಸಿರು ಫಲಕದ ವಾಹನಗಳಿಗೆ ಇದರಿಂದ ಯಾವುದೇ ವಿನಾಯಿತಿ ಇರುವುದಿಲ್ಲ. ಒಳಗೆ ಸ್ಥಳ ಸಿಗದೆ ತೊರವಿಯ ಮುಖ್ಯ ರಸ್ತೆಯ ಅಂಚಿನಲ್ಲಿ ವಾಹನ ಬಿಟ್ಟು ಹೋಗುವುದರಿಂದ ಬಸ್ಸಿನಿಂದ ಇಳಿಯುವ ವಿದ್ಯಾರ್ಥಿನಿಯರಿಗೆ ಅಪಾಯ ಉಂಟಾಗುತ್ತದೆ.

ಮೋಟಾರು ವಾಹನ ಕಾಯ್ದೆಯ ದಂಡವನ್ನು ಪೊಲೀಸ್ ಮತ್ತು ಸಾರಿಗೆ ಇಲಾಖೆಯ ಅಧಿಕೃತ ಅಧಿಕಾರಿಗಳು ಮಾತ್ರ ವಿಧಿಸಬಹುದು. ವಿಶ್ವವಿದ್ಯಾಲಯವು ತನ್ನ ನಿಯಮ ಉಲ್ಲಂಘನೆಗೆ ವಿಧಿಸುವ ಮೊತ್ತವು ಬೇರೆಯದು. ಅಂತಹ ಮೊತ್ತ ಪಾವತಿಸುವಾಗ ರಸೀದಿಯನ್ನು ತಪ್ಪದೇ ಪಡೆಯತಕ್ಕದ್ದು.

5. ವಿಕಲಚೇತನರಿಗೆ ನಿಲುಗಡೆ ಸ್ಥಳ

ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಅಡಿಯಲ್ಲಿ ಸಾರ್ವಜನಿಕ ಕಟ್ಟಡಗಳು ಸುಗಮ ಪ್ರವೇಶದ ಮಾನದಂಡಗಳನ್ನು ಪಾಲಿಸಬೇಕಾಗಿರುತ್ತದೆ. 2021ರ ಕೇಂದ್ರ ಮಾರ್ಗಸೂಚಿಯಂತೆ ಕಾಯ್ದಿರಿಸಿದ ನಿಲುಗಡೆ ಸ್ಥಳವು ಮುಖ್ಯ ದ್ವಾರದಿಂದ 30 ಮೀಟರ್ ಒಳಗೆ ಇರಬೇಕು ಮತ್ತು ಗಾಲಿಕುರ್ಚಿ ಇಳಿಸಲು ಅನುಕೂಲವಾಗುವಂತೆ 3,600 ಮಿಲಿಮೀಟರ್ ಅಗಲವಿರಬೇಕು. ಈ ಸ್ಥಳದಲ್ಲಿ ಸೈಕಲ್ ಅಥವಾ ಸ್ಕೂಟರ್‌ಗಳನ್ನು ಇತರರು ನಿಲ್ಲಿಸಬಾರದು. ಸೌಲಭ್ಯ ಬೇಕಾದವರು ತಮ್ಮ ಅರ್ಜಿಯೊಂದಿಗೆ ಯು.ಡಿ.ಐ.ಡಿ. ಕಾರ್ಡಿನ ಪ್ರತಿಯನ್ನು ಲಗತ್ತಿಸುವುದು.

6. ಚಾರ್ಜಿಂಗ್ ಮತ್ತು ಅಗ್ನಿ ಸುರಕ್ಷತೆ

ವಾಹನ ನಿಲ್ಲಿಸಲು ನೀಡಿದ ಅನುಮತಿಯು ಚಾರ್ಜ್ ಮಾಡಲು ನೀಡಿದ ಅನುಮತಿಯಾಗುವುದಿಲ್ಲ. ತರಗತಿ, ಕಾರಿಡಾರ್, ವಸತಿನಿಲಯದ ಕೊಠಡಿ ಅಥವಾ ಮೆಟ್ಟಿಲ ಕೆಳಗಿನ ಪ್ಲಗ್‌ನಲ್ಲಿ ವಾಹನವನ್ನಾಗಲೀ, ಬಿಡಿಸಿ ತಂದ ಬ್ಯಾಟರಿಯನ್ನಾಗಲೀ ಅನುಮತಿಯಿಲ್ಲದೆ ಚಾರ್ಜ್ ಮಾಡಬಾರದು. ಬೆಂಕಿ ಹೊತ್ತಿದಲ್ಲಿ ಜನರು ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ.

ಚಾರ್ಜಿಂಗ್ ಕೇಂದ್ರಗಳಿಗೆ ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ ಸುರಕ್ಷತಾ ವಿನಿಯಮಗಳಲ್ಲಿ ಈ ಕೆಳಕಂಡ ಅಂಶಗಳಿವೆ:

(1) ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಎತ್ತರದಲ್ಲಿರಬೇಕು.
(2) ಚಾರ್ಜ್ ಮಾಡಲು ನಿಲ್ಲಿಸಿದ ವಾಹನದ ಸಂಪರ್ಕ ಭಾಗವು ಚಾರ್ಜಿಂಗ್ ಬಿಂದುವಿನಿಂದ 5 ಮೀಟರ್ ಒಳಗಿರಬೇಕು.
(3) ಎಕ್ಸ್‌ಟೆನ್ಷನ್ ವೈರ್ ಬಳಸುವಂತಿಲ್ಲ.
(4) ವಿದ್ಯುತ್ ಸೋರಿಕೆಯಾದಾಗ ಸಂಪರ್ಕ ಕಡಿಯುವ, 30 ಮಿಲಿಆಂಪಿಯರ್ ಮಿತಿಯ ರಕ್ಷಣಾ ಸಾಧನವಿರಬೇಕು.

ವಿಜಯಪುರ ಜಿಲ್ಲೆಯಲ್ಲಿ ಬೇಸಿಗೆಯ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಬಿಸಿಲಿನಲ್ಲಿ ನಿಂತು ಕಾದ ಬ್ಯಾಟರಿಯನ್ನು ತಕ್ಷಣ ಚಾರ್ಜ್‌ಗೆ ಹಾಕದೆ, ನೆರಳಿನಲ್ಲಿ ತಣಿದ ನಂತರ ಹಾಕುವುದು ಸೂಕ್ತ. ವಾಹನದೊಂದಿಗೆ ಬಂದ ಚಾರ್ಜರನ್ನೇ ಬಳಸತಕ್ಕದ್ದು. ಉಬ್ಬಿದ, ನೀರು ಹೊಕ್ಕ ಅಥವಾ ಪೆಟ್ಟು ಬಿದ್ದ ಬ್ಯಾಟರಿಯನ್ನು ಆವರಣದೊಳಗೆ ತರಬಾರದು. ಹಳೆಯ ಬ್ಯಾಟರಿಯನ್ನು ಕಸದ ತೊಟ್ಟಿಗೆ ಹಾಕದೆ, ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರಂತೆ ಸಂಗ್ರಹಣೆಗೆ ನೀಡಬೇಕು. ಹೊಗೆ ಕಂಡಲ್ಲಿ ದೂರ ಸರಿದು 112ಕ್ಕೆ ಕರೆ ಮಾಡುವುದು.

ಚಾರ್ಜಿಂಗ್ ಬಿಂದುವಿಗೆ ಪ್ರತ್ಯೇಕ ವಿದ್ಯುತ್ ಸಂಪರ್ಕ ಬಯಸುವ ಸಂಸ್ಥೆಗಳು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ (ಹೆಸ್ಕಾಂ) ಸಂಬಂಧಿಸಿದ ಉಪವಿಭಾಗಕ್ಕೆ ಅರ್ಜಿ ಸಲ್ಲಿಸಬೇಕು.

7. ಕಳವು ಮತ್ತು ಹಾನಿಯ ಹೊಣೆ

"ವಾಹನಗಳಿಗೆ ಮಾಲೀಕರೇ ಜವಾಬ್ದಾರರು" ಎಂಬ ಫಲಕವು ಬಹುತೇಕ ಸ್ಟ್ಯಾಂಡ್‌ಗಳಲ್ಲಿ ಕಂಡುಬರುತ್ತದೆ. ಇದರ ಪರಿಣಾಮವು ಎಲ್ಲ ಸಂದರ್ಭಗಳಲ್ಲಿ ಒಂದೇ ಆಗಿರುವುದಿಲ್ಲ.

ಭಾರತೀಯ ಕರಾರು ಕಾಯ್ದೆ, 1872ರ ಕಲಂ 148 ಮತ್ತು 151ರಂತೆ, ಮರಳಿ ಕೊಡುವ ಷರತ್ತಿನ ಮೇಲೆ ಒಬ್ಬರ ವಸ್ತುವನ್ನು ತನ್ನ ವಶಕ್ಕೆ ಪಡೆದವನು ಅದನ್ನು ಸಾಮಾನ್ಯ ವಿವೇಕಿಯು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರಿಕೆಯಿಂದ ಕಾಯಬೇಕು. ತಾಜ್ ಮಹಲ್ ಹೋಟೆಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ನವೆಂಬರ್‌ನಲ್ಲಿ, ಅತಿಥಿಯ ಕಾರಿನ ಕೀಲಿ ಪಡೆದು ತನ್ನ ಸಿಬ್ಬಂದಿಯಿಂದ ನಿಲ್ಲಿಸಿದ ಹೋಟೆಲು, ತನ್ನ ನಿರ್ಲಕ್ಷ್ಯದಿಂದ ಕಾರು ಕಳವಾದಾಗ "ಮಾಲೀಕರ ಹೊಣೆ" ಎಂಬ ಷರತ್ತಿನ ಮರೆಯಲ್ಲಿ ತಪ್ಪಿಸಿಕೊಳ್ಳಲಾಗದು ಎಂದು ತೀರ್ಪು ನೀಡಿತು. ಆದ್ದರಿಂದ ಶುಲ್ಕ ಪಡೆದು, ಟೋಕನ್ ಕೊಟ್ಟು, ಟೋಕನ್ ನೋಡಿಯೇ ವಾಹನ ಬಿಡುವ ಸ್ಟ್ಯಾಂಡಿನಲ್ಲಿ ಕಳವಾದಲ್ಲಿ ಗುತ್ತಿಗೆದಾರರ ಹೊಣೆಯನ್ನು ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಪ್ರಶ್ನಿಸಲು ಆಧಾರವಿರುತ್ತದೆ. ಯಾರ ವಶಕ್ಕೂ ಕೊಡದೆ ಉಚಿತ ತೆರೆದ ಸ್ಥಳದಲ್ಲಿ ತಾವೇ ನಿಲ್ಲಿಸಿ ಬೀಗ ಹಾಕಿಕೊಂಡು ಹೋದ ವಾಹನಕ್ಕೆ ಇಂತಹ ಆಧಾರ ದುರ್ಬಲ. ಟೋಕನ್ ಚೀಟಿಯನ್ನು ವಾಹನದಲ್ಲಿಯೇ ಬಿಡದೆ ತಮ್ಮ ಬಳಿ ಇಟ್ಟುಕೊಳ್ಳುವುದು.

ಮೂರನೆಯ ವ್ಯಕ್ತಿಯ ವಿಮೆಯು ಕಳವಿಗೆ ಪರಿಹಾರ ನೀಡುವುದಿಲ್ಲ. ಅದಕ್ಕೆ ಸ್ವಂತ ಹಾನಿಯ ವಿಮೆ ಬೇಕು. ಸೈಕಲ್ ಮಾಲೀಕರಿಗೆ ಖರೀದಿ ರಸೀದಿ ಮತ್ತು ಚೌಕಟ್ಟಿನ ಸಂಖ್ಯೆಯೇ ಆಧಾರ. ಈ ಸಂಖ್ಯೆಯನ್ನು ಸಾಮಾನ್ಯವಾಗಿ ಪೆಡಲ್ ಅಚ್ಚಿನ ಕೆಳಭಾಗದಲ್ಲಿ ಕೊರೆದಿರುತ್ತಾರೆ. ಅದನ್ನು ಬರೆದಿಟ್ಟು, ಸೈಕಲಿನ ಛಾಯಾಚಿತ್ರ ತೆಗೆದಿಡುವುದು. 2006-07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆಯಡಿ ಪ್ರೌಢಶಾಲೆಯಲ್ಲಿ ಸೈಕಲ್ ಪಡೆದವರ ಬಳಿ ಖರೀದಿ ರಸೀದಿ ಇರುವುದಿಲ್ಲವಾದ್ದರಿಂದ ಅವರು ಈ ಸಂಖ್ಯೆಯನ್ನು ದಾಖಲಿಸಿಕೊಳ್ಳುವುದು ಇನ್ನೂ ಮುಖ್ಯ.

ಕಳವಾದಲ್ಲಿ ತಡಮಾಡದೆ ಪೊಲೀಸ್ ಠಾಣೆಗೆ ದೂರು ನೀಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 173ರಂತೆ ಯಾವುದೇ ಠಾಣೆಯ ವ್ಯಾಪ್ತಿಯಲ್ಲಿ ಘಟನೆ ನಡೆದಿದ್ದರೂ ದೂರು ನೀಡಬಹುದು. ಪ್ರಥಮ ವರ್ತಮಾನ ವರದಿಯ ಪ್ರತಿಯು ಉಚಿತವಾಗಿ ದೊರೆಯುತ್ತದೆ. ವಿದ್ಯುನ್ಮಾನ ಮಾಧ್ಯಮದ ಮೂಲಕ ದೂರು ನೀಡಿದವರು 3 ದಿನಗಳೊಳಗೆ ಸಹಿ ಹಾಕಬೇಕು. ವಿಮಾ ಕಂಪನಿಗೂ ಕೂಡಲೇ ಲಿಖಿತವಾಗಿ ತಿಳಿಸುವುದು.

8. ನಿಲುಗಡೆ ಪಾಸಿಗೆ ಸಿದ್ಧವಾಗಿಟ್ಟುಕೊಳ್ಳಬೇಕಾದ ದಾಖಲೆಗಳು

ಪಾಸ್ ನೀಡುವ ಪದ್ಧತಿ ಇರುವ ಆವರಣಗಳಿಗೆ ಅರ್ಜಿ ಸಲ್ಲಿಸುವವರು ಕೆಳಕಂಡ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಂಡಲ್ಲಿ ಅಲೆದಾಟ ತಪ್ಪುತ್ತದೆ:

- ಸೈಕಲ್: ಗುರುತಿನ ಚೀಟಿ, ರಸೀದಿ ಅಥವಾ ಚೌಕಟ್ಟಿನ ಸಂಖ್ಯೆಯ ವಿವರ.
- ಕಡಿಮೆ ವೇಗದ ಬ್ಯಾಟರಿ ವಾಹನ: ಮೇಲಿನವುಗಳೊಂದಿಗೆ ಮಾದರಿ ಅನುಮೋದನೆ ಪತ್ರದ ಪ್ರತಿ.
- ನೋಂದಾಯಿತ ವಿದ್ಯುತ್ ವಾಹನ: ಗುರುತಿನ ಚೀಟಿ, ನೋಂದಣಿ ಪ್ರಮಾಣಪತ್ರ, ಚಾಲನಾ ಪರವಾನಗಿ, ಚಾಲ್ತಿಯಲ್ಲಿರುವ ವಿಮಾ ಪತ್ರ. ವಾಹನವು ಬೇರೆಯವರ ಹೆಸರಿನಲ್ಲಿದ್ದಲ್ಲಿ ಅವರ ಒಪ್ಪಿಗೆ ಪತ್ರ.

ರಸ್ತೆಯಲ್ಲಿ ತಪಾಸಣೆಯ ವೇಳೆ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ದಾಖಲೆಗಳನ್ನೂ ತೋರಿಸಬಹುದು.

9. ಮಾಹಿತಿ ಮತ್ತು ದೂರು

ರಾಜ್ಯ ವಿಶ್ವವಿದ್ಯಾಲಯದ ನಿಲುಗಡೆ ನಿಯಮ, ಗುತ್ತಿಗೆ ಕರಾರು ಅಥವಾ ಶುಲ್ಕದ ಆದೇಶದ ಪ್ರತಿ ಬೇಕಾದವರು ಮಾಹಿತಿ ಹಕ್ಕು ಕಾಯ್ದೆ, 2005ರಡಿ ರೂ. 10 ಶುಲ್ಕದೊಂದಿಗೆ ಅಲ್ಲಿನ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ.

ವಿದ್ಯಾರ್ಥಿಗಳು ಸೌಲಭ್ಯದ ಕೊರತೆಯ ಬಗ್ಗೆ ಯು.ಜಿ.ಸಿ. ವಿನಿಯಮಗಳು, 2023ರ ಪ್ರಕಾರ ರಚಿತವಾಗುವ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ದೂರು ಸಲ್ಲಿಸಬಹುದು. ಸಮಿತಿಯು 15 ಕೆಲಸದ ದಿನಗಳೊಳಗೆ ವರದಿ ನೀಡಬೇಕು. ತೃಪ್ತರಾಗದವರು 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

10. ಸಾಮಾನ್ಯ ಪ್ರಶ್ನೋತ್ತರ

ಪ್ರಶ್ನೆ: ತಿಕೋಟಾದಿಂದ ಪ್ರತಿದಿನ ತೊರವಿಗೆ ಬ್ಯಾಟರಿ ಸೈಕಲ್‌ನಲ್ಲಿ ಬರಬೇಕೆ?
ಉತ್ತರ: ಬರಲು ಕಾನೂನಿನ ಅಡ್ಡಿಯಿಲ್ಲ. ಆದರೆ ಮರಳಿ ಹೋಗುವಷ್ಟು ಚಾರ್ಜ್ ಉಳಿಯುವುದೇ ಎಂದು ಮೊದಲು ನೋಡಿಕೊಳ್ಳುವುದು. ಮನೆಯಿಂದ ಬಸ್ ನಿಲ್ದಾಣದವರೆಗೆ ಸೈಕಲ್, ಅಲ್ಲಿಂದ ಬಸ್ಸು ಎಂಬುದು ಹಲವರಿಗೆ ಅನುಕೂಲಕರ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ.

ಪ್ರಶ್ನೆ: ಬಬಲೇಶ್ವರದಿಂದ ಒಂದು ದಿನದ ಕೆಲಸಕ್ಕೆ ಬರುವ ಪೋಷಕರಿಗೂ ಪಾಸ್ ಬೇಕೆ?
ಉತ್ತರ: ಇದು ಆಯಾ ಆವರಣದ ನಿಯಮವನ್ನು ಅವಲಂಬಿಸಿದೆ. ದ್ವಾರದಲ್ಲಿರುವ ಭದ್ರತಾ ಸಿಬ್ಬಂದಿಯವರಲ್ಲಿ ಸಂದರ್ಶಕರ ನಿಲುಗಡೆ ಸ್ಥಳವನ್ನು ಕೇಳಿ, ಅಲ್ಲಿಯೇ ನಿಲ್ಲಿಸುವುದು.

ಪ್ರಶ್ನೆ: ನಂಬರ್ ಪ್ಲೇಟ್ ಇಲ್ಲದ ಬ್ಯಾಟರಿ ಸ್ಕೂಟರನ್ನು ದ್ವಾರದಲ್ಲಿ ತಡೆದರೆ ಏನು ಮಾಡಬೇಕು?
ಉತ್ತರ: ಮಾದರಿ ಅನುಮೋದನೆ ಪತ್ರದ ಪ್ರತಿ ತೋರಿಸುವುದು. ಆ ಪತ್ರ ಇಲ್ಲದಿದ್ದಲ್ಲಿ ಮಾರಾಟಗಾರರಿಂದ ಪಡೆಯುವವರೆಗೆ ವಾಹನವನ್ನು ರಸ್ತೆಗೆ ತರದಿರುವುದೇ ಕ್ಷೇಮ.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ಮಾರ್ಗದರ್ಶನಕ್ಕಾಗಿ ಮಾತ್ರ. ವ್ಯತ್ಯಾಸ ಕಂಡುಬಂದಲ್ಲಿ ಸಂಬಂಧಿಸಿದ ಕಾಯ್ದೆ, ನಿಯಮ ಮತ್ತು ವಿಶ್ವವಿದ್ಯಾಲಯದ ಆದೇಶಗಳೇ ಅಂತಿಮವಾಗಿರುತ್ತವೆ. ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.